ಆರು ಗೊರವಗಳ ಸಾಕ್ಷಿ

ಬಾಗಿಲಿಗೆ ಅಂಟಿಸಿದ್ದ ಕಾಗದದ ಪಟ್ಟಿ ಹರಿದಿರಲಿಲ್ಲ.

ನಿನ್ನೆ ಸಂಜೆ ಇನ್‌ಸ್ಪೆಕ್ಟರ್ ತಾನೇ ಅದರ ಮೇಲೆ ಸಹಿ ಹಾಕಿದ್ದಳು, ಅರ್ಧ ಕದದ ಮೇಲೆ, ಅರ್ಧ ಚೌಕಟ್ಟಿನ ಮೇಲೆ ಬರುವ ಹಾಗೆ. ಸಹಿ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಬೀಗ ಹಾಕಿದಂತೆಯೇ ಇತ್ತು. ಅದರ ಕೀ ಅವಳ ಜೇಬಿನಲ್ಲೇ ಇತ್ತು.

ಒಳಗೆ ಹಕ್ಕಿ ಎಣಿಕೆಯ ಪುಸ್ತಕದಲ್ಲಿ ಮಾತ್ರ ಒಂದು ಸಾಲು ಹೆಚ್ಚಾಗಿತ್ತು.

ಇವತ್ತಿನ ತಾರೀಖು, ಶನಿವಾರ. ಗಾಳಿ ಪಡುವಣದಿಂದ, ತೆಳು. ಮಂಜು. ಟಿಟ್ಟಿಭ ೧೪. ಮೆಟ್ಟುಗಾಲು ೨೨. ಗದ್ದೆಗೊರವ ೬. ಜೌಗು ಸೆಳೆವ ೧.

ಅವಳು ಬೆರಳ ತುದಿಯಿಂದ ಕೊನೆಯ ಅಂಕಿಯನ್ನು ಮುಟ್ಟಿದಳು. ಶಾಯಿ ಬೆರಳಿಗೆ ಹತ್ತಿತು.

"ನಾನು ಜೀಪಿಂದ ಇಳಿದೇ ಇಲ್ಲ ಮೇಡಂ," ಎಂದ ದಫೇದಾರ ಬಾಗಿಲಲ್ಲೇ ನಿಂತು. "ಕಣ್ಣೂ ಮುಚ್ಚಿಲ್ಲ. ಮುಚ್ಚಿದ್ರೂ ಒಂದೇ ಒಂದ್ಸಲ. ಅದೂ ಒಂದೇ ಕಣ್ಣು."

"ಯಾವ ಕಣ್ಣು?"

"ಈ ಕಡೆದು." ಅವನು ಕೆರೆಯ ಕಡೆ ಕೈ ತೋರಿಸಿದ.

ಈ ಮರದ ಗೂಡಿನಲ್ಲಿ ಕೂತು ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪದೆ ಹಕ್ಕಿ ಎಣಿಸಿ ಬರೆದಿಟ್ಟವರು ನಿವೃತ್ತ ಲೆಕ್ಕದ ಮೇಷ್ಟ್ರು. ಅವರು ಕಾಣೆಯಾಗಿ ಇವತ್ತಿಗೆ ಒಂಬತ್ತು ದಿನ. ಕಾಣೆಯಾದ ಮೇಲೆ ಪುಸ್ತಕದಲ್ಲಿ ಮೂಡಿದ ಸಾಲುಗಳೂ ಒಂಬತ್ತು, ಎಲ್ಲವೂ ಅವರದೇ ಗುಂಡು ಅಕ್ಷರದಲ್ಲಿ.

ಗೂಡಿನೊಳಗೆ ಒದ್ದೆ ಮರದ ವಾಸನೆ. ಒಂದು ಬೆಂಚು, ಒಂದು ಹಲಗೆ, ಹಲಗೆಯ ಮೇಲೆ ದಾರ ಕಟ್ಟಿದ ಪುಸ್ತಕ, ಎದುರಿಗೆ ಕೆರೆಯತ್ತ ತೆರೆದ ಉದ್ದನೆಯ ಕಿಂಡಿ. ಕಿಂಡಿಯಾಚೆ ಮಂಜು ಬಿಟ್ಟರೆ ಏನೂ ಇರಲಿಲ್ಲ. ಮಂಜಿನೊಳಗೆ ಎಲ್ಲೋ ಒಂದು ಟಿಟ್ಟಿಭ ಯಾರನ್ನೋ ವಿಚಾರಿಸುತ್ತಿರುವಂತೆ ಒಂದೇ ಸಮನೆ ಕೂಗುತ್ತಿತ್ತು.

ಮೇಲಧಿಕಾರಿ ನಿನ್ನೆ ಫೋನಿನಲ್ಲಿ ಹೇಳಿದ್ದು ಅವಳ ಕಿವಿಯಿಂದ ಇನ್ನೂ ಇಳಿದಿರಲಿಲ್ಲ. "ದಿನಾ ಬೆಳಗ್ಗೆ ಹಾಜರಿ ಹಾಕೋ ಮನುಷ್ಯನ್ನ ಕಾಣೆಯಾದವನು ಅಂತ ಹೇಗ್ರೀ ಕರೀತೀರಿ? ಮನೇಲಿ ಜಗಳ ಆಡ್ಕೊಂಡು ಎಲ್ಲೋ ಆರಾಮಾಗಿದ್ದಾನೆ ಮುದುಕ. ಶನಿವಾರ ಸಂಜೆ ಆರಕ್ಕೆ, ಕೆರೇಲಿ ಮುಳುಗಿ ಹುಡುಕ್ತಿರೋರನ್ನ ವಾಪಸ್ ಕಳಿಸಿ. ಫೈಲು ಮುಚ್ಚಿ."

ಸಂಜೆ ಆರರೊಳಗೆ ಈ ಕೈಬರಹ ಮೇಷ್ಟ್ರದಲ್ಲ ಎಂದು ತೋರಿಸದಿದ್ದರೆ ಅವರನ್ನು ಹುಡುಕುವವರು ಯಾರೂ ಇರುವುದಿಲ್ಲ. ತೋರಿಸಿದರೆ, ಆ ಸಾಲುಗಳನ್ನೇ ಅಪ್ಪನ ಉಸಿರು ಎಂದು ನಂಬಿ ಕೂತಿರುವ ಮೇಷ್ಟ್ರ ಮಗಳಿಗೆ ತಾನೇ ಅದನ್ನು ಬಾಯಿ ಬಿಟ್ಟು ಹೇಳಬೇಕು.

"ಮೇಡಂ," ದಫೇದಾರ ಧ್ವನಿ ತಗ್ಗಿಸಿದ. "ದೆವ್ವಕ್ಕೆ ಲೆಕ್ಕ ಬರುತ್ತಾ?"

"ಕೂತ್ಕೊಳ್ಳಿ. ಬರುತ್ತೋ ಇಲ್ವೋ ನೋಡೇ ಬಿಡೋಣ."

ಅವಳು ತನ್ನ ಪುಟ್ಟ ಮಗಳ ಶಾಲೆಯ ಚೀಲದಿಂದ ತಪ್ಪಿ ಜೇಬು ಸೇರಿದ್ದ ಗಿಡ್ಡ ಪೆನ್ಸಿಲು ತೆಗೆದಳು. ಅದರ ತುದಿಯ ತುಂಬ ಪುಟ್ಟ ಹಲ್ಲಿನ ಗುರುತುಗಳು. ದಫೇದಾರನ ತೊಡೆಯ ಮೇಲೆ ವಾಚನಾಲಯದಿಂದ ತಂದ ಹಕ್ಕಿಗಳ ಚಿತ್ರದ ಪುಸ್ತಕ. ಇಬ್ಬರೂ ಒಂದೇ ದುರ್ಬೀನನ್ನು ಕೈ ಬದಲಿಸುತ್ತ ಮಂಜು ಕರಗುವುದನ್ನೇ ಕಾದರು.

ಚಳಿಗಾಲಕ್ಕೆ ಇನ್ನೂ ಎರಡು ತಿಂಗಳಿತ್ತು. ಉತ್ತರದ ಹಕ್ಕಿಗಳು ಮಾತ್ರ ಆಗಲೇ ಇಳಿಯತೊಡಗಿದ್ದವು. ರಾತ್ರಿಯೆಲ್ಲ ಹಾರಿ ಬಂದು, ಬೆಳಗಾಗುವಾಗ ಯಾರೋ ಚೆಲ್ಲಿ ಹೋದ ಕಾಳಿನ ಹಾಗೆ ದಡದ ಮೇಲೆ ಕಾಣಿಸಿಕೊಳ್ಳುತ್ತಿದ್ದವು. ನಿನ್ನೆ ಇರಲಿಲ್ಲ, ಇವತ್ತು ಇವೆ, ಬಂದದ್ದನ್ನು ಕಂಡವರಿಲ್ಲ.

ಟಿಟ್ಟಿಭ ಹದಿನಾಲ್ಕು. ಎರಡು ಸಲ ಎಣಿಸಿದರೂ ಹದಿನಾಲ್ಕೇ. ಕೆಂಪು ಕಡ್ಡಿಯ ಮೇಲೆ ನಿಂತಂತಿದ್ದ ಮೆಟ್ಟುಗಾಲು ಹಕ್ಕಿ ಇಪ್ಪತ್ತೆರಡು.

"ಸರಿಯಾಗೇ ಬರೆದಿದೆ ದೆವ್ವ," ಎಂದ ದಫೇದಾರ. "ನಮ್ಮ ಸ್ಟೇಷನ್ ರೈಟರ್‌ಗಿಂತ ವಾಸಿ."

"ಗೊರವ?"

ಅವನು ಚಿತ್ರ ನೋಡಿದ. ಕಂದು ಬೆನ್ನು, ಬಿಳಿ ಚುಕ್ಕೆ, ಕೆಸರಿನ ಬಣ್ಣದ ಹಕ್ಕಿ. ಕಿಂಡಿಯ ಈ ತುದಿಯಿಂದ ಆ ತುದಿಯವರೆಗೆ ದುರ್ಬೀನು ಹಾಯಿಸಿದ. "ಒಂದೂ ಇಲ್ಲ."

ಎದುರಿಗೆ ನಡುಗಡ್ಡೆಯ ಜೊಂಡು ಆಳೆತ್ತರ ಬೆಳೆದಿತ್ತು. ಅದರ ಹಿಂದೆ ಏನಿದೆ ಎಂಬುದು ಗೂಡಿನಿಂದ ಕಾಣುತ್ತಿರಲಿಲ್ಲ.

ಆಗ ಸೆಳೆವ ಬಂತು. ರೆಕ್ಕೆಯನ್ನು ತುಸು ಮೇಲಕ್ಕೆ ಎತ್ತಿ ಹಿಡಿದ ಕಂದು ಬೇಟೆಹಕ್ಕಿ, ಸದ್ದಿಲ್ಲದೆ, ಜೊಂಡಿನ ತಲೆ ಸವರುವಷ್ಟು ಕೆಳಗೆ ತೇಲಿ ನಡುಗಡ್ಡೆಯ ಆಚೆ ಬಾಗಿತು. ಮರುಕ್ಷಣ ಆ ಮರೆಯಿಂದ ಕಿರುಚುತ್ತ ಎದ್ದವು, ಕಂದು ಬೆನ್ನು, ಬಿಳಿ ಬಾಲದ ಬುಡ. ಗಾಳಿಯಲ್ಲಿ ಅಂಕುಡೊಂಕಾಗಿ ಹಾರಿ, ಒಂದು ಸುತ್ತು ಹಾಕಿ, ಮತ್ತೆ ಅದೇ ಮರೆಗೆ ಇಳಿದವು.

"ಎಷ್ಟು?" ಎಂದು ಕೇಳಿದಳು ಇನ್‌ಸ್ಪೆಕ್ಟರ್. ತಾನು ಎಣಿಸಿಯಾಗಿತ್ತು.

ದಫೇದಾರ ಬಾಯಿ ಒರೆಸಿಕೊಂಡ. "ಆರು."

ಒಂಬತ್ತು ದಿನದಿಂದ ಇಲ್ಲದ ಮನುಷ್ಯ ಈ ಬೆಳಗ್ಗೆ ಆರು ಹಕ್ಕಿ ಕಂಡೆ ಎಂದು ಬರೆದಿದ್ದ. ಆರೂ ಇದ್ದವು. ಕಾಣಲಾಗದ ಜಾಗದಲ್ಲಿ ಇದ್ದವು.

ಅವಳು ಎದ್ದು ಕಿಂಡಿಯಿಂದ ಆಚೆ ತಲೆ ಹಾಕಿ ಕೆಳಗೆ ನೋಡಿದಳು. ಗೂಡಿನ ಕಂಬಗಳ ಬುಡದವರೆಗೂ ನೀರಿರುತ್ತದೆ, ಆ ಕಡೆಯಿಂದ ಯಾರೂ ಬರಲಾಗದು ಎಂದು ಎಲ್ಲರೂ ಹೇಳಿದ್ದರು. ನೀರು ಒಂದೂವರೆ ಅಡಿ ಇಳಿದಿತ್ತು. ಕಂಬಗಳ ಬುಡದ ಕಲ್ಲುಕಟ್ಟೆಯ ಮೇಲೆ ಇಳಿದ ನೀರಿನ ಕಪ್ಪು ಗೆರೆ, ಅದರ ಕೆಳಗೆ ಕಾಲಿಡುವಷ್ಟು ಅಗಲದ ಒಂದು ಮೆಟ್ಟಿಲು, ಮೆಟ್ಟಿಲ ಪಾಚಿಯಲ್ಲಿ ಜಾರಿದ ಒಂದು ಹೆಜ್ಜೆ. ಅಲ್ಲಿ ನಿಂತು ಕೈ ಚಾಚಿದರೆ ಹಲಗೆಯ ಮೇಲಿನ ಪುಸ್ತಕ ಕೈಗೇ ಬರುತ್ತದೆ.

ದಫೇದಾರ ಅವಳ ಪಕ್ಕದಲ್ಲಿ ಇಣುಕಿ ನಿಟ್ಟುಸಿರು ಬಿಟ್ಟ. "ಸದ್ಯ. ದೆವ್ವದ ಪಾದ ಹಿಂದುಮುಂದು ಇರುತ್ತೆ ಅಂತಾರೆ. ಇದು ನೆಟ್ಟಗಿದೆ."

"ಕೈ ಸುಳ್ಳು, ಕಣ್ಣು ನಿಜ," ಎಂದಳು ಅವಳು ತನಗೇ ಹೇಳಿಕೊಳ್ಳುವಂತೆ. "ಅಕ್ಷರ ಕದ್ದಿದ್ದಾನೆ, ಹಕ್ಕಿ ಕದ್ದಿಲ್ಲ. ನಡುಗಡ್ಡೆ ಹಿಂದುಗಡೆ ಕಾಣೋ ಜಾಗ ಯಾವುದ್ರೀ?"

ದಫೇದಾರ ಕಿಂಡಿಯಾಚೆ ಬೆರಳು ಮಾಡಿದ. ಎದುರು ದಂಡೆಯಲ್ಲಿ ಒಂದೇ ಒಂದು ಕಟ್ಟಡವಿತ್ತು, ಮಂಜಿನಲ್ಲಿ ಅರ್ಧ ಅಳಿಸಿದಂತೆ. ಪಂಪ್‌ಹೌಸು.

*

ಪಂಪ್‌ಹೌಸಿಗೆ ಹೋಗುವ ಮೊದಲು ಅವಳು ಕನ್ನಡಕದ ಅಂಗಡಿಗೆ ಹೋದಳು.

ಮೇಷ್ಟ್ರ ಮಗಳು ಗಾಜಿನ ಮೇಜಿನ ಹಿಂದೆ ಕೂತು ಒಂದು ಚೌಕಟ್ಟಿನ ಸಣ್ಣ ತಿರುಪು ಬಿಗಿಸುತ್ತಿದ್ದಳು. ನಲವತ್ತರ ಆಸುಪಾಸು, ಒಪ್ಪವಾಗಿ ಕಟ್ಟಿದ ಕೂದಲು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಗೋಡೆ ತುಂಬ ಯಾರ ಮುಖವೂ ಇಲ್ಲದ ಕನ್ನಡಕಗಳು ಒಳಗೆ ಬಂದವರನ್ನೇ ನೋಡುತ್ತಿದ್ದವು. ಬಾಗಿಲು ತೆರೆದಾಗಲೆಲ್ಲ ಮೇಲೆ ಕಟ್ಟಿದ ಗಂಟೆ ಕಿಣಿಗುಟ್ಟುತ್ತಿತ್ತು.

"ಇವತ್ತೂ ಬರೆದಿದ್ದಾರಾ?" ಅವಳು ಕೇಳಿದ ಮೊದಲ ಮಾತೇ ಅದು.

"ಬರೆದಿದೆ."

"ದೇವರು ದೊಡ್ಡವನು." ತಿರುಪುಳಿ ಕೆಳಗಿಟ್ಟಳು. "ನಂಗೆ ಆ ಗೂಡಿನ ಹತ್ರ ಹೋಗೋ ಧೈರ್ಯ ಇಲ್ಲ ಮೇಡಂ. ಬುಧವಾರ ನಿಮಗೆ ಕೀ ಕೊಟ್ಟೆನಲ್ಲ, ಆ ಕೀ ಅಪ್ಪ ಹೋದಾಗಿಂದ ಮೊಳೆಯಲ್ಲೇ ನೇತಾಡ್ತಿತ್ತು. ಪುಸ್ತಕ ಮುಟ್ಟಿದ್ದೂ ಇಲ್ಲ. ಮುಟ್ಟಿದ್ರೆ ನಿಂತುಹೋಗುತ್ತೇನೋ ಅನ್ನಿಸುತ್ತೆ."

ಇನ್‌ಸ್ಪೆಕ್ಟರ್ ಫೋನಿನಲ್ಲಿ ಪುಟದ ಫೋಟೋ ತೆಗೆದು ಮುಂದಿಟ್ಟಳು. "ಒಂದ್ಸಲ ನೋಡಿ. ಅಕ್ಷರ ಬಿಡಿ. ಪ್ರತಿ ಹಕ್ಕಿ ಪಕ್ಕ ಒಂದು ಚುಕ್ಕೆ ಇದೆ. ಹಳೆ ಪುಟದಲ್ಲಿ ಕೆಲವು ಕಡೆ ಚುಕ್ಕೆ, ಕೆಲವು ಕಡೆ ಕೊಕ್ಕೆ. ಏನದು?"

ಮಗಳು ಫೋನು ಎತ್ತಿಕೊಳ್ಳಲಿಲ್ಲ. ಬಾಗಿ ನೋಡಿದಳು.

"ಚುಕ್ಕೆ ಅಂದ್ರೆ ಕಣ್ಣಲ್ಲಿ ಕಂಡದ್ದು. ಕೊಕ್ಕೆ ಅಂದ್ರೆ ಕಿವೀಲಿ ಕೇಳಿದ್ದು. ಅಪ್ಪನ ಪದ್ಧತಿ. ಕೇಳಿದ್ದನ್ನ ಕಂಡೆ ಅಂತ ಬರೀಬಾರದು, ಅದು ಕಳ್ಳತನ ಅನ್ನೋರು."

"ಹೋದ ವರ್ಷದಿಂದ ಹೆಚ್ಚೂಕಡಿಮೆ ಎಲ್ಲಾ ಕೊಕ್ಕೆ."

ಅವಳು ತಿರುಪುಳಿಯನ್ನು ಮೇಜಿನ ಮೇಲೆ ಹೊರಳಿಸಿದಳು. ಹೊರಗೆ ಬಸ್ಸೊಂದು ಹಾರ್ನು ಹೊಡೆದು ಹೋಯಿತು.

"ಅಪ್ಪಂಗೆ ಕಣ್ಣು ಹೋಗ್ತಿತ್ತು ಮೇಡಂ. ಎರಡೂ. ನಾನೇ ಪರೀಕ್ಷೆ ಮಾಡಿದ್ದು. ಇಪ್ಪತ್ತು ಹೆಜ್ಜೆ ಆಚೆ ಗೊರವ ನಿಂತ್ರೆ ಅವರಿಗೆ ಅದು ಕಲ್ಲು. ಯಾರಿಗೂ ಹೇಳ್ಬೇಡ ಅಂದ್ರು. ಗೊತ್ತಾದ್ರೆ ಪುಸ್ತಕ ಕಿತ್ಕೊಂಡು ಯಾವನೋ ಎಳೇ ಕಣ್ಣಿನವನಿಗೆ ಕೊಡ್ತಾರೆ ಅಂತ ಭಯ. ಕಿವಿ ಮಾತ್ರ ಹಾವಿಂದು. ಮಾಳಿಗೆ ಮೇಲೆ ಹಲ್ಲಿ ನಡೆದ್ರೆ ಯಾವ ಕಡೆಗೆ ಹೋಯ್ತು ಅನ್ನೋರು."

ಇನ್‌ಸ್ಪೆಕ್ಟರ್ ಒಂಬತ್ತು ಸಾಲುಗಳ ಮೇಲೂ ಒಂದೊಂದಾಗಿ ಬೆರಳು ಇಟ್ಟಳು. ಎಲ್ಲ ಚುಕ್ಕೆ. ಒಂದಾದರೂ ಕೊಕ್ಕೆ ಇರಲಿಲ್ಲ.

ಹೇಳಬೇಕಾದ ಮಾತು ಹೇಳದೆಯೇ ಆಗಿಹೋಗಿತ್ತು. ಮಗಳು ಮೇಜಿನ ಗಾಜನ್ನು ಒರೆಸುವ ಬಟ್ಟೆಯಿಂದ ಒರೆಸಿದ್ದನ್ನೇ ಒರೆಸಿದಳು.

"ಹಾಗಾದ್ರೆ ಇದು ಅಪ್ಪ ಅಲ್ಲ."

"ಅಲ್ಲ."

"ಪ್ರತಿ ಸಲ ಮೊದಲ ಸಿಪಿಲೆ ಹಕ್ಕಿ ಕೂಗು ಕೇಳಿದ ದಿನ ಸೀದಾ ಅಂಗಡಿಗೆ ಬರೋರು. ಗಿರಾಕಿ ಇದ್ರೂ ಬಿಡ್ತಿರಲಿಲ್ಲ. 'ಬಂತಮ್ಮಾ, ಇನ್ನು ಚಳಿಗಾಲದ ಚಿಂತೆ ಇಲ್ಲ' ಅನ್ನೋರು. ಈ ಸಲ ಮಂಗಳವಾರ ಬಂತು. ಹೇಳೋಕೆ ಅವರು ಬರಲಿಲ್ಲ." ಅವಳ ಧ್ವನಿ ನಡುಗಲಿಲ್ಲ. ಅದೇ ಕೇಳಲು ಕಷ್ಟವಾಗಿತ್ತು.

ಇನ್‌ಸ್ಪೆಕ್ಟರ್ ಫೋನನ್ನು ಜೇಬಿಗಿಟ್ಟಳು. "ಮನೇಲಿ ಯಾರಾದ್ರೂ ಜೊತೆಗಿದ್ದಾರಾ?"

"ಅಂಗಡಿ ಇದೆಯಲ್ಲ. ರಾತ್ರಿ ಎಂಟರವರೆಗೂ ಇಲ್ಲೇ ಇರ್ತೀನಿ. ಎಲ್ಲಿಗೂ ಹೋಗಲ್ಲ. ಏನಾದ್ರೂ ಗೊತ್ತಾದ್ರೆ ಫೋನ್ ಮಾಡಿ ಮೇಡಂ. ಎಂಥದ್ದೇ ಆಗಿರಲಿ."

ಹೊರಗೆ ಬರುವಾಗ ಗಂಟೆ ಮತ್ತೆ ಕಿಣಿಗುಟ್ಟಿತು. ಜೀಪಿನಲ್ಲಿ ದಫೇದಾರ ಕೇಳಿದ, "ಅತ್ತರಾ?"

"ಇಲ್ಲ."

"ಅಳ್ಬೇಕಿತ್ತು," ಎಂದ ಅವನು. "ಅತ್ತರೆ ನಮಗೂ ಸಲೀಸು."

ಅಲ್ಲಿಂದ ಮೇಲಧಿಕಾರಿಯ ಕಚೇರಿ. ಅವರು ಊಟಕ್ಕೆ ಹೋಗಿದ್ದರು. ಬರುವವರೆಗೆ ಕಾದು, ಚುಕ್ಕೆ ಕೊಕ್ಕೆಯ ಸಂಗತಿಯನ್ನು ಮೂರು ಸಲ ಹೇಳಿದ ಮೇಲೆ ಅವರೆಂದದ್ದು ಇಷ್ಟೇ: "ಚುಕ್ಕೆ ನೋಡಿ ಕೋರ್ಟು ಒಪ್ಪಲ್ಲ. ಬರೆದವನನ್ನ ತನ್ನಿ." ಗಡಿಯಾರ ಮೂರೂವರೆ ತೋರಿಸುತ್ತಿತ್ತು.

*

ಪಂಪ್‌ಹೌಸಿನೊಳಗೆ ಮಾತಾಡಬೇಕೆಂದರೆ ಕೂಗಬೇಕಿತ್ತು. ಹಸಿರು ಬಳಿದ ಎರಡು ಮೋಟಾರುಗಳು ನೆಲವನ್ನೇ ನಡುಗಿಸುತ್ತಿದ್ದವು. ಬಿಸಿ ಎಣ್ಣೆಯ ವಾಸನೆ. ಕಿಟಕಿಯ ಪಕ್ಕ ಮೊಳೆಗೆ ನೀರಿನ ಮಟ್ಟದ ರಿಜಿಸ್ಟರು ನೇತುಹಾಕಿತ್ತು.

ಆಪರೇಟರ್ ಐವತ್ತು ದಾಟಿದ ಸಣಕಲು ಮನುಷ್ಯ. ಕಿವಿಗೆ ಹತ್ತಿ ತುರುಕಿಕೊಂಡಿದ್ದ. ಪೊಲೀಸರನ್ನು ಕಂಡು ಒಂದು ಕಿವಿಯ ಹತ್ತಿ ತೆಗೆದ, ಇನ್ನೊಂದನ್ನು ಬಿಟ್ಟ.

"ಅರ್ಧ ಕೇಳಿಸಿಕೊಂಡ್ರೆ ಸಾಕು ಅಂತಾನಾ?" ಎಂದು ದಫೇದಾರ ಗೊಣಗಿದ.

ಇನ್‌ಸ್ಪೆಕ್ಟರ್ ಮಾತಿಲ್ಲದೆ ರಿಜಿಸ್ಟರು ತೆರೆದಳು. ಗಂಟೆಗೊಂದು ಸಾಲು, ಗುಂಡು ಅಕ್ಷರ. ಗೂಡಿನಿಂದ ಬಗಲಲ್ಲಿ ಹಿಡಿದು ತಂದಿದ್ದ ಮೇಷ್ಟ್ರ ಪುಸ್ತಕವನ್ನು ಅದರ ಪಕ್ಕ ಹಿಡಿದಳು. ಇದರ ಏಳು, ಅದರ ಏಳು. ಇದರ ನಾಲ್ಕು, ಅದರ ನಾಲ್ಕು.

"ಅಕ್ಷರ ಒಂದೇ ಥರ ಇದೆ," ಎಂದಳು.

"ಈ ಊರಲ್ಲಿ ಮೇಷ್ಟ್ರ ಕೈಕೆಳಗೆ ಕಲಿತೋರ ಅಕ್ಷರ ಎಲ್ಲಾ ಹಿಂಗೇ," ಎಂದ ಆಪರೇಟರ್. "ಕಾಪಿ ಪುಸ್ತಕ ತಿದ್ದಿಸಿ ತಿದ್ದಿಸಿ ಬೆರಳು ಬಗ್ಗಿಸಿಬಿಡ್ತಿದ್ರು. ಪೋಸ್ಟ್‌ಮ್ಯಾನ್‌ದೂ ಹಿಂಗೇ. ಬೇಕಾದ್ರೆ ಹೋಗಿ ನೋಡಿ."

"ಅವರ ಜೊತೆ ನೀವೂ ಹಕ್ಕಿ ನೋಡ್ತಿದ್ರಾ?"

"ನಾನಾ? ನಂಗೆ ಹಕ್ಕಿಪಕ್ಕಿ ಏನ್ ಗೊತ್ತು. ಕಾಗೆ ಗೊತ್ತು, ಕೋಳಿ ಗೊತ್ತು."

ಅವಳು ಕಿಟಕಿಯ ಹತ್ತಿರ ಹೋದಳು. ಇಲ್ಲಿಂದ ನಡುಗಡ್ಡೆಯ ಬೆನ್ನು ಅಂಗೈಯಂತೆ ಕಾಣುತ್ತಿತ್ತು. ಹೊಳೆಯುವ ಕೆಸರು, ಕೆಸರಿನ ಮೇಲೆ ಬಾಗಿ ಬಾಗಿ ಕುಕ್ಕುವ ಕಂದು ಚುಕ್ಕೆಗಳು. ದೂರದ ದಂಡೆಯಲ್ಲಿ ಮೇಷ್ಟ್ರ ಗೂಡು ಮುಚ್ಚಿದ ಒಂದು ಕಣ್ಣಿನ ಹಾಗಿತ್ತು.

"ನಂಗೂ ಅಷ್ಟೇ," ಎಂದಳು. "ಇವತ್ತು ಬೆಳಗ್ಗೆ ತಾನೇ ಕಲಿತೆ. ಅವು ಗದ್ದೆಗೊರವ ಅಲ್ವಾ? ದಫೇದಾರ್ರೇ, ಬರ್ಕೊಳ್ಳಿ. ಗದ್ದೆಗೊರವ ಎಂಟು."

ದಫೇದಾರ ನೋಟ್‌ಬುಕ್ ತೆಗೆದ. "ಎಂಟು," ಎಂದು ಜೋರಾಗಿ ಓದುತ್ತ ಬರೆದ.

ಆಪರೇಟರ್ ಎಣ್ಣೆ ಬಟ್ಟೆಯನ್ನು ಕೈಯಲ್ಲಿ ಹಿಂಡಿದ. ಕಿಟಕಿಯ ಕಡೆ ನೋಡಿದ, ನೆಲ ನೋಡಿದ, ಮತ್ತೆ ಕಿಟಕಿ ನೋಡಿದ.

"ತಾರೀಖು ಹಾಕಿ," ಎಂದಳು ಇನ್‌ಸ್ಪೆಕ್ಟರ್. "ಸಹಿ ನಾನು ಮಾಡ್ತೀನಿ. ಎಂಟು ಅಂತ ಮೇಷ್ಟ್ರ ಪುಸ್ತಕದಲ್ಲೂ ಸೇರಿಸಿಬಿಡೋಣ." ಅವಳು ಪುಸ್ತಕ ಬಿಡಿಸಿ ಪೆನ್ಸಿಲು ಊರಿದಳು.

"ಆರು," ಎಂದ ಆಪರೇಟರ್.

ಮೋಟಾರುಗಳ ಸದ್ದಿನಲ್ಲೂ ಆ ಮಾತು ಸ್ಪಷ್ಟವಾಗಿ ಕೇಳಿತು.

"ಎಡಗಡೆ ಎರಡು ಗೊರವ ಅಲ್ಲ, ಉಲ್ಲಂಕಿ. ಬಾಲ ಕುಣಿಸ್ತಿಲ್ವಾ ನೋಡಿ. ಗದ್ದೆಗೊರವ ಆರೇ." ಹೇಳಿಯಾದ ಮೇಲೆ ಅವನ ಮುಖದ ಬಣ್ಣ ಇಳಿಯಿತು. ಇನ್ನೊಂದು ಕಿವಿಯ ಹತ್ತಿಯನ್ನೂ ನಿಧಾನವಾಗಿ ತೆಗೆದು ಜೇಬಿಗೆ ಹಾಕಿಕೊಂಡ.

ದಫೇದಾರ ಎಂಟನ್ನು ಹೊಡೆದು ಆರು ಮಾಡಿದ.

"ಮೇಷ್ಟ್ರು ಎಲ್ಲಿ?" ಎಂದಳು ಇನ್‌ಸ್ಪೆಕ್ಟರ್.

"ನನ್ನಾಣೆಗೂ ಗೊತ್ತಿಲ್ಲ."

"ಪುಸ್ತಕದಲ್ಲಿ ಬರೆದದ್ದು?"

"ಬರೆದೆ." ಅವನು ಸ್ಟೂಲಿನ ಮೇಲೆ ಕುಸಿದ. "ಹೋದ ವಾರ ಶುಕ್ರವಾರ ಬೆಳಗ್ಗೆ ಗೂಡಿಗೆ ಹೋದೆ. ಅವರಿರಲಿಲ್ಲ. ಕಿಂಡಿಯಿಂದ ಪುಸ್ತಕ ತೆಗೆದು ನೋಡಿದ್ರೆ ಆ ದಿನದ್ದು ಖಾಲಿ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಖಾಲಿ ಇಲ್ಲ ಮೇಡಂ. ಜ್ವರ ಬಂದಾಗ ಬರೆದಿದ್ದಾರೆ, ಹೆಂಡತಿ ತೀರಿಕೊಂಡ ದಿನ ಬರೆದಿದ್ದಾರೆ. ನಾಳೆ ಬಂದು ಆ ಖಾಲಿ ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಾರೆ ಅನ್ನಿಸ್ತು. ಒಂದು ದಿನದ ಮಟ್ಟಿಗೆ ತುಂಬಿದೆ. ಮರುದಿನವೂ ಬರಲಿಲ್ಲ."

"ಅವರ ಅಕ್ಷರದಲ್ಲೇ ಯಾಕೆ?"

"ನಂಗೆ ಇನ್ಯಾವ ಅಕ್ಷರ ಬರುತ್ತೆ?"

ಅವಳು ಪೆನ್ಸಿಲನ್ನು ಜೇಬಿಗೆ ಹಾಕಿದಳು.

"ಆದ್ರೆ ಒಂದೂ ಸುಳ್ಳು ಬರೆದಿಲ್ಲ," ಎಂದ ಅವನು. "ಬೆಳಕು ಹರಿದ ಕೂಡಲೆ, ಮಂಜು ಕವಿಯೋ ಮುಂಚೆ, ಇಲ್ಲಿಂದ ಕಂಡದ್ದನ್ನೇ ಬರೆದೆ. ಕಾಣದ್ದನ್ನ ಬರೆದ್ರೆ ಮೇಷ್ಟ್ರು ಕಿವಿ ಹಿಂಡ್ತಿದ್ರು."

"ನೀವು ತುಂಬಿದ ಒಂದೊಂದು ಸಾಲಿಗೂ ನಾವು ಒಂದೊಂದು ದಿನ ಕಳ್ಕೊಂಡ್ವಿ." ಅವಳು ಕೂಗಲಿಲ್ಲ. ಕೂಗದಿದ್ದರೂ ಅವನಿಗೆ ಕೇಳಿತು. "ಬರೀತಿದ್ದಾರೆ ಅಂದ್ರೆ ಬದುಕಿದ್ದಾರೆ ಅಂತ ಎಲ್ಲಾ ಸುಮ್ಮನಾದ್ರು. ಖಾಲಿ ಬಿಟ್ಟಿದ್ರೆ ಮೊದಲ ದಿನವೇ ಊರೆಲ್ಲ ಹುಡುಕ್ತಿತ್ತು. ಇವತ್ತು ಆರು ಗಂಟೆಗೆ ಹುಡುಕಾಟ ಮುಗಿಯುತ್ತೆ, ಗೊತ್ತಾ?"

ಆಪರೇಟರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಎಣ್ಣೆಯ ಕಲೆ ಹಣೆಗೆ ಹತ್ತಿತು. ಗೋಡೆ ಗಡಿಯಾರ ನಾಲ್ಕು ತೋರಿಸಿದಾಗ ಅವನು ಅಭ್ಯಾಸಬಲದಿಂದ ಎದ್ದು, ಅಳುತ್ತಲೇ ಹೋಗಿ ಎರಡು ಗುಂಡಿ ಒತ್ತಿದ. ಮೋಟಾರುಗಳು ಒಂದರ ಹಿಂದೊಂದು ನರಳಿ ನಿಂತವು.

ನಿಶ್ಶಬ್ದ ಬಂದು ಕಿವಿಗೆ ಒತ್ತಿತು. ಅದರೊಳಗೆ, ಎಲ್ಲೋ ಕೆಳಗೆ, ನೀರು ಹರಿಯುವ ಸದ್ದು.

"ಏನದು?" ಎಂದ ದಫೇದಾರ, ಕಾಲು ಎತ್ತಿಕೊಂಡು.

"ತೂಬಿನ ಸುರಂಗ. ಕೆರೆಯ ನೀರು ಈ ನೆಲದ ಕೆಳಗಿಂದ ಆಚೆ ಹೋಗುತ್ತೆ. ಹಳೇದು. ಆಚೆ ಬದಿ ಕಬ್ಬಿಣದ ಬಾಗಿಲಿದೆ, ವರ್ಷಗಟ್ಟಲೆಯಿಂದ ಯಾರೂ ತೆಗೆದಿಲ್ಲ." ಅವನು ಮೂಗು ಒರೆಸಿಕೊಂಡು ಪುಸ್ತಕದ ಕಡೆ ಕೈ ಚಾಚಿದ. "ಮೇಡಂ, ನೀವು ನಂಬಲ್ಲ ಅಂತ ಗೊತ್ತು. ಒಂದು ತೋರಿಸ್ತೀನಿ. ನಾನು ಮೇಷ್ಟ್ರ ಜಾಗ ಕದಿಯೋಕೆ ಬರೆದಿದ್ರೆ ಹಿಂದುಗಡೆನೂ ಬರೀತಿದ್ದೆ. ಹಿಂದುಗಡೆ ನೋಡಿದ್ರಾ?"

"ಹಿಂದುಗಡೆ ಏನಿದೆ?"

"ಮೊದಲ ಬರವು." ಅವನು ಪುಸ್ತಕವನ್ನು ತಲೆಕೆಳಗು ಮಾಡಿ ಹಿಂದಿನ ರಟ್ಟಿನಿಂದ ತೆರೆದ. "ದಿನದ ಲೆಕ್ಕ ಮುಂದುಗಡೆ. ಪ್ರತಿ ವರ್ಷ ಯಾವ ಹಕ್ಕಿ ಮೊದಲ ಸಲ ಯಾವತ್ತು ಬಂತು ಅನ್ನೋದು ಹಿಂದುಗಡೆ, ತಲೆಕೆಳಗಾಗಿ. ಇದನ್ನ ಬರೆಯೋ ಹಕ್ಕು ಮೇಷ್ಟ್ರಿಗೆ ಮಾತ್ರ. ನಾನು ಈ ಪುಟ ಮುಟ್ಟೋದೇ ಇಲ್ಲ. ಈ ವರ್ಷದ್ದು ನೋಡಿ, ಗೊರವ, ಸೆಳೆವ, ಉಲ್ಲಂಕಿ, ಅಲ್ಲಿಗೆ ನಿಂತ..."

ಮಾತು ಅರ್ಧಕ್ಕೇ ನಿಂತಿತು.

ಉಲ್ಲಂಕಿಯ ಕೆಳಗೆ ಇನ್ನೊಂದು ಸಾಲಿತ್ತು. ಗುಂಡು ಅಕ್ಷರವೇ, ಆದರೆ ಗೆರೆ ಬಿಟ್ಟು ಇಳಿಜಾರಾಗಿ ಹೋಗಿತ್ತು, ಕತ್ತಲಲ್ಲಿ ಕೈ ತಡವಿ ಬರೆದವರ ಹಾಗೆ.

ಮಂಗಳವಾರ. ಬೂದು ಸಿಪಿಲೆ ೧. ತಲೆಯ ಮೇಲೆ.

ಪಕ್ಕದಲ್ಲಿ ಚುಕ್ಕೆ ಇರಲಿಲ್ಲ. ಕೊಕ್ಕೆ ಇತ್ತು.

"ಇದು ನಂದಲ್ಲ," ಎಂದ ಆಪರೇಟರ್. "ಇದು ಮೇಷ್ಟ್ರ ಕೈ. ಈ ವರ್ಷ ನಾನು ಸಿಪಿಲೆ ಕಂಡೇ ಇಲ್ಲ."

"ಮಂಗಳವಾರ ಬದುಕಿದ್ರು," ಎಂದಳು ಇನ್‌ಸ್ಪೆಕ್ಟರ್. ಅವಳ ಕೈ ಪುಟದ ಮೇಲೆ ಹಾಗೇ ನಿಂತಿತ್ತು. "ಬೂದು ಸಿಪಿಲೆ ಎಲ್ಲಿರುತ್ತೆ?"

"ಚಿಟ್, ಚಿಟ್ ಅಂತ ಕೂಗೋ ಹಕ್ಕಿ, ನಿಂತ ನೀರಿಗೆ ಬರಲ್ಲ ಅದು. ಹರಿಯೋ ನೀರೇ ಬೇಕು. ಈ ಕೆರೇಲಿ ಹರಿಯೋ ನೀರು ಅಂದ್ರೆ..." ಅವನು ನೆಲ ನೋಡಿದ. ಮೂವರೂ ನೆಲ ನೋಡಿದರು.

ಹಕ್ಕಿ ತೂಬಿನ ಬಾಯಲ್ಲಿ ಕೂತಿದ್ದರೆ, ಅದು ತಲೆಯ ಮೇಲೆ ಕೇಳಬೇಕಾದರೆ, ಕೇಳಿದವರು ಅದಕ್ಕಿಂತ ಕೆಳಗಿರಬೇಕು.

ಪುಸ್ತಕ ತಾನಾಗಿ ಕೆಳಗಿಳಿದು ಹೋಗುವುದಿಲ್ಲ. ಯಾರೋ ಅದನ್ನು ಗೂಡಿನಿಂದ ತೆಗೆದುಕೊಂಡು ಹೋಗಿ, ಬರೆಸಿಕೊಂಡು, ಮತ್ತೆ ತಂದು ಇದ್ದ ಜಾಗದಲ್ಲೇ ಇಟ್ಟಿದ್ದರು. ಮಂಗಳವಾರ. ಬಾಗಿಲಿಗೆ ಕಾಗದದ ಪಟ್ಟಿ ಅಂಟಿಸಿದ್ದು ನಿನ್ನೆ. ಕೀ ತನ್ನ ಕೈಗೆ ಬಂದದ್ದು ಬುಧವಾರ.

ಈ ಸಲ ಮಂಗಳವಾರ ಬಂತು.

ಇನ್‌ಸ್ಪೆಕ್ಟರ್ ಪುಸ್ತಕ ಮುಚ್ಚಿದಳು. ಎದುರು ನಿಂತ ಆಪರೇಟರಿಗೂ ಗೊತ್ತಿರದ ಹಕ್ಕಿಯ ಬರವು, ಕೆರೆಯ ಹತ್ತಿರವೂ ಸುಳಿಯದ, ಪುಸ್ತಕ ಮುಟ್ಟದ ಹೆಂಗಸಿಗೆ ಗೊತ್ತಿತ್ತು. ಗಾಜು ಒರೆಸುತ್ತ ಒರೆಸುತ್ತ ಹೇಳಿದ್ದಳು. ಅಳದೆ ಹೇಳಿದ್ದಳು.

ಜೇಬಿನಲ್ಲಿ ಫೋನು ಗುನುಗಿತು. ಅವಳು ಹೆಸರು ನೋಡಿ, ತುಟಿಯ ಮೇಲೆ ಬೆರಳಿಟ್ಟು ಇಬ್ಬರನ್ನೂ ಸುಮ್ಮನಿರಿಸಿ, ಕಿವಿಗೆ ಹಿಡಿದಳು.

"ಮೇಡಂ, ನಾನು," ಎಂದಳು ಮೇಷ್ಟ್ರ ಮಗಳು. ತುಂಬ ಮೆಲ್ಲಗೆ. "ಅಂಗಡಿಯಿಂದ ಮಾತಾಡ್ತಿದೀನಿ. ಆರು ಗಂಟೆಗೆ ಹುಡುಕೋದು ನಿಲ್ಲಿಸಿಬಿಡ್ತಾರಂತೆ, ನಿಜಾನಾ?"

"ಯಾರು ಹೇಳಿದ್ರು?"

"ಕೇಳಿದೆ ಅಷ್ಟೇ. ನಿಲ್ಲಿಸೋದಾದ್ರೆ ನಿಲ್ಲಿಸಲಿ ಅನ್ನೋಕೆ ಫೋನ್ ಮಾಡಿದೆ. ಎಲ್ಲರಿಗೂ ಸಾಕಾಗಿದೆ."

ಅವಳ ಹಿಂದೆ ಬಸ್ಸಿನ ಹಾರ್ನು ಇರಲಿಲ್ಲ. ಬಾಗಿಲ ಗಂಟೆ ಇರಲಿಲ್ಲ. ಒಂದೇ ಸಮನೆ ನೀರಿನ ಸದ್ದು ಇತ್ತು. ಆ ಸದ್ದನ್ನು ಸೀಳಿ, ಫೋನಿನೊಳಗೆ, ಚೂಪಾಗಿ ಎರಡು ಸಲ: ಚಿಟ್, ಚಿಟ್.

ಆಪರೇಟರ್ ಬೆಚ್ಚಿ ತಿರುಗಿದ. ಫೋನು ಅವಳ ಕಿವಿಗೆ ಒತ್ತಿಕೊಂಡಿತ್ತು, ಅದರ ಸದ್ದು ಅವನಿಗೆ ಕೇಳುವ ಹಾಗಿರಲಿಲ್ಲ.

ಅವನು ಕೇಳಿದ್ದು ನೆಲದ ಕೆಳಗಿನಿಂದ ಬಂದ ಅದೇ ಕೂಗನ್ನು.